ಮೂವತ್ತೊಂದಕ್ಕೇ ಅಜ್ಜಿಯಾದ ನಟಿ: ಕಿರಿನ್ ಕಿಕಿ ವೃತ್ತಿಬದುಕಿನ ಪ್ರಕರಣ ಅಧ್ಯಯನ

1974ರ ಜನವರಿಯಲ್ಲಿ ಜಪಾನಿನ ಟಿಬಿಎಸ್ ವಾಹಿನಿಯಲ್ಲಿ ಒಂದು ಮನೆಮಂದಿಯ ಧಾರಾವಾಹಿ ಶುರುವಾಯಿತು. ಹೆಸರು 'ತೆರಾಉಚಿ ಕಾಂತಾರೋ ಇಕ್ಕಾ', ಅಂದರೆ ತೆರಾಉಚಿ ಕಾಂತಾರೋನ ಕುಟುಂಬ. ಟೋಕಿಯೋದ ಹಳೇ ಬಡಾವಣೆ ಯನಾಕಾದಲ್ಲಿ ಕಲ್ಲು ಕೆತ್ತಿ ಬದುಕುವ ಮನೆತನ ಅದು. ಯಜಮಾನ ಕಾಂತಾರೋ ದಢೂತಿ ಆಳು, ಮೂಗಿನ ತುದಿಯಲ್ಲೇ ಕೋಪ. ಊಟಕ್ಕೆ ಕೂತಾಗ ಶುರುವಾದ ಮಾತು ಎಷ್ಟೋ ಸಲ ಹೊಡೆದಾಟದಲ್ಲಿ ಮುಗಿಯುತ್ತಿತ್ತು. ಈ ಪಾತ್ರ ಮಾಡಿದ ಅಸೇ ಕೊಬಯಾಶಿ ವೃತ್ತಿಯಿಂದ ಸಂಗೀತ ಸಂಯೋಜಕರು, 1932ರಲ್ಲಿ ಹುಟ್ಟಿದವರು. ಕಾಂತಾರೋನ ತಾಯಿ ಕಿನ್ ಅಜ್ಜಿಗೆ ಕಥೆಯಲ್ಲಿ 70ರ ಆಸುಪಾಸು. ಆ ಅಜ್ಜಿಯ ಪಾತ್ರ ಮಾಡಿದ ನಟಿ ಹುಟ್ಟಿದ್ದು 1943ರಲ್ಲಿ. ಮಗನಿಗಿಂತ ತಾಯಿಯೇ 11 ವರ್ಷ ಚಿಕ್ಕವರು!

ಆಗ ಅವರ ಹೆಸರು ಚಿಹೋ ಯುಕಿ. ಮುಂದೆ ಕಿರಿನ್ ಕಿಕಿ ಎಂದು ಜಪಾನಿನ ಮನೆಮನೆಗೂ ಗೊತ್ತಾದರು. 2018ರ ಸೆಪ್ಟೆಂಬರ್ 15ರಂದು, 75ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಕೆಲಸ ಇಲ್ಲದ ಕಾಲ ಅಂತ ಇರಲಿಲ್ಲ. ಅವರ ಅತ್ಯುತ್ತಮ ಸಿನಿಮಾಗಳು ಬಂದದ್ದು 60 ದಾಟಿದ ಮೇಲೆ, ಅದೂ ಕ್ಯಾನ್ಸರ್ ಬಂದ ಮೇಲೆ.

ನಟಿಯರಿಗೆ 40 ಆಗುತ್ತಿದ್ದಂತೆ ಅವಕಾಶ ಕಡಿಮೆಯಾಗುತ್ತದೆ. ಎಲ್ಲ ದೇಶದಲ್ಲೂ ಇದೇ ಪಾಡು. ಜಪಾನೂ ಹೊರತಲ್ಲ. ಹಾಗಿರುವಾಗ ಈ ಒಬ್ಬರ ವಿಷಯದಲ್ಲಿ ವಯಸ್ಸು ಯಾಕೆ ಉಲ್ಟಾ ಕೆಲಸ ಮಾಡಿತು? ಈ ಬರಹ ಅದನ್ನೇ ಹುಡುಕುತ್ತದೆ. "ಸಹಜ ಪ್ರತಿಭೆ" ಅಂತ ಹೇಳಿ ಮುಗಿಸಿಬಿಡುವುದು ಸುಲಭ. ನನಗೆ ಅದು ಸಾಲದು ಅನ್ನಿಸುತ್ತದೆ. ಅವರು ಬಹಳ ಬೇಗ ಎರಡು ತೀರ್ಮಾನ ಮಾಡಿಕೊಂಡಿದ್ದರು. ಚೆಂದದ ಪೈಪೋಟಿಗೆ ಇಳಿಯಬಾರದು. ತನ್ನ ಕೆಲಸದ ಲಗಾಮು ಬೇರೆಯವರ ಕೈಗೆ ಕೊಡಬಾರದು. ಉಳಿದದ್ದೆಲ್ಲ ಈ ಎರಡರಿಂದ ಬೆಳೆದದ್ದು.

ಶುರುವಾದದ್ದು ಹೇಗೆ

ಹುಟ್ಟಿದ್ದು ಟೋಕಿಯೋದ ಕಾಂದಾದಲ್ಲಿ. ತಂದೆ ಸಾತ್ಸುಮಾ ಬಿವಾ ಎಂಬ ತಂತಿವಾದ್ಯದ ಕಲಾವಿದರು. ಚಿಕ್ಕಂದಿನಲ್ಲಿ ಕಿಕಿ ಮಾತೇ ಆಡದ ಮಗು. ಸುಮ್ನೆ ಒಂದು ಮೂಲೆಯಲ್ಲಿ ನಿಂತು ಬೇರೆಯವರನ್ನು ನೋಡುತ್ತಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಶಾಲೆ ಮುಗಿದ ಮೇಲೆ ಫಾರ್ಮಸಿ ಓದಬೇಕೆಂದಿದ್ದರು. ಪ್ರವೇಶ ಪರೀಕ್ಷೆಯ ಹೊತ್ತಿಗೆ ಹೊಕ್ಕೈಡೋದಲ್ಲಿ ಹಿಮದ ಮೇಲೆ ಜಾರಾಡಲು ಹೋಗಿ ಕಾಲು ಮುರಿದುಕೊಂಡರು. ಪರೀಕ್ಷೆ ತಪ್ಪಿತು. ಗೆಳತಿಯರೆಲ್ಲ ಕಾಲೇಜಿಗೆ ಹೋಗುವಾಗ ಮನೆಯಲ್ಲಿ ಕೂತಿದ್ದ ಹುಡುಗಿಗೆ ಪತ್ರಿಕೆಯಲ್ಲಿ 'ಬುಂಗಾಕುಝಾ' ನಾಟಕ ತಂಡದ ಪ್ರಕಟಣೆ ಕಂಡಿತು. 1961ರಲ್ಲಿ ಆ ತಂಡದ ತರಬೇತಿ ಶಾಲೆಯ ಮೊದಲ ತಂಡದಲ್ಲಿ ಸೇರಿಕೊಂಡರು.

ಬುಂಗಾಕುಝಾ ಅಂದರೆ ಆಗ ಜಪಾನಿನ ಆಧುನಿಕ ರಂಗಭೂಮಿಯ ದೊಡ್ಡ ಮನೆ. ಅದರ ದೊಡ್ಡಮ್ಮನಂತಿದ್ದವರು ನಟಿ ಹರುಕೋ ಸುಗಿಮುರಾ. ಕಿಕಿ ಈ ಸುಗಿಮುರಾ ಅವರಿಗೆ ಸಹಾಯಕಿಯಾಗಿದ್ದರು. ಹೆಸರಾಂತ ನಿರ್ದೇಶಕ ಯಸುಜಿರೋ ಓಝು ಅವರ ಕೊನೆಯ ಚಿತ್ರ 1962ರಲ್ಲಿ ಬಂತಲ್ಲ, ಅದರ ಸೆಟ್ಟಿಗೂ ಸುಗಿಮುರಾ ಜೊತೆ ಹೋಗಿದ್ದರು. ಒಂದು ಚಿಕ್ಕ ಚಲನೆಗಾಗಿ ಓಝು ಹತ್ತಾರು ಸಲ ಟೇಕ್ ಮಾಡಿಸುತ್ತಿದ್ದ ಕಾಲ ಅದು. ಲೋಟ ಎಲ್ಲಿ ಇಡಬೇಕು, ಕತ್ತು ಯಾವಾಗ ತಿರುಗಿಸಬೇಕು, ಎಲ್ಲವೂ ಲೆಕ್ಕಾಚಾರ. ಹತ್ತೊಂಬತ್ತರ ಹುಡುಗಿ ಇದನ್ನೆಲ್ಲ ಪಕ್ಕದಲ್ಲಿ ನಿಂತು ನೋಡಿದ್ದರು. ಮುಂದೆ ಅವರ ನಟನೆಯಲ್ಲಿ ಕೈ ಯಾವತ್ತೂ ಖಾಲಿ ಇರುವುದಿಲ್ಲ, ಏನಾದರೊಂದು ಕೆಲಸ ಮಾಡುತ್ತಲೇ ಇರುತ್ತದೆ. ಇದರ ಬೇರು ಆ ಸೆಟ್ಟಿನಲ್ಲಿ ಇದೆ ಎಂದು ನನ್ನ ಊಹೆ.

ಟಿವಿಗೆ ಬಂದದ್ದು 1964ರಲ್ಲಿ, 'ಏಳು ಮೊಮ್ಮಕ್ಕಳು' ಎಂಬ ಧಾರಾವಾಹಿಯ ಮನೆಗೆಲಸದವಳಾಗಿ. ಹಿರಿಯ ನಟ ಹಿಸಾಯಾ ಮೊರಿಶಿಗೆ ಅದರಲ್ಲಿ ಅಜ್ಜ. ಮೊರಿಶಿಗೆ ಸ್ಕ್ರಿಪ್ಟಿನಲ್ಲಿ ಇಲ್ಲದ್ದನ್ನು ಥಟ್ಟನೆ ಎಸೆಯುವವರು, ಈ ಹುಡುಗಿ ಥಟ್ಟನೆ ಹಿಡಿಯುವವಳು. 1970ರಲ್ಲಿ 'ಜಿಕಾನ್ ದೆಸು ಯೋ' ಎಂಬ ಧಾರಾವಾಹಿ ಬಂತು. ಊರಿನ ಸಾರ್ವಜನಿಕ ಸ್ನಾನದ ಮನೆಯೊಂದರ ಕಥೆ. ಅದರಲ್ಲೂ ಕಿಕಿ ಕೆಲಸದಾಕೆ. ನಾಯಕಿಯ ಪಾತ್ರ ಬಂದಿರಲಿಲ್ಲ, ಬರುವ ಸೂಚನೆಯೂ ಇರಲಿಲ್ಲ.

ಬೆರಳಿಲ್ಲದ ಕೈಗವಸು

ಇಲ್ಲಿ ಆ ಅಜ್ಜಿಯ ಪಾತ್ರ ಬರುತ್ತದೆ. ಬರೆದವರು ಕುನಿಕೋ ಮುಕೋದಾ, ಮಾಡಿಸಿದವರು ತೆರುಹಿಕೋ ಕುಝೆ. ಕಿಕಿ ಬಿಳಿ ಕೂದಲಾದರು, ಬೆನ್ನು ಬಾಗಿಸಿದರು, ದನಿ ಬದಲಿಸಿದರು. ಒಂದು ತೊಡಕು ಉಳಿಯಿತು. ಕೈ! ಮುಖಕ್ಕೆ ಬಣ್ಣ ಹಚ್ಚಿ ವಯಸ್ಸು ತರಬಹುದು, ನಡಿಗೆಯಲ್ಲಿ ತರಬಹುದು. ಮೂವತ್ತೊಂದರ ಬಿಗಿಯಾದ ಕೈ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ಊಟದ ಮೇಜಿನ ಸುತ್ತಲೇ ನಡೆಯುವ ಧಾರಾವಾಹಿ ಬೇರೆ, ಕೈ ಕಾಣದೆ ಇರುವುದಿಲ್ಲ. ಅದಕ್ಕೆ ಬೆರಳ ತುದಿ ಮಾತ್ರ ಹೊರಗಿರುವ ಕೈಗವಸು ಹಾಕಿಕೊಂಡರು. ಚಳಿ ತಡೆಯದ ಮುದುಕಿ ಹಾಕಿಕೊಂಡಂತೆ ಸಹಜವಾಗಿ ಕಾಣಿಸುತ್ತಿತ್ತು. ತೊಡಕು ಮುಚ್ಚಿಹೋಗಿ, ಪಾತ್ರಕ್ಕೆ ಒಂದು ಗುರುತೂ ಸಿಕ್ಕಿತು.

ಈ ಅಜ್ಜಿ ಮೂಲೆಯಲ್ಲಿ ಕೂತು ಜಪ ಮಾಡುವವಳಲ್ಲ. ಕೋಣೆಯ ಗೋಡೆಯಲ್ಲಿ ಕೆಂಜಿ ಸಾವಾದಾ ಎಂಬ ಚೆಂದದ ಯುವ ಗಾಯಕನ ದೊಡ್ಡ ಪೋಸ್ಟರ್. ಅಭಿಮಾನಿಗಳು ಅವನನ್ನು ಜೂಲಿ ಅಂತ ಕರೆಯುತ್ತಿದ್ದರು. ಅಜ್ಜಿ ಪೋಸ್ಟರ್ ಮುಂದೆ ನಿಂತು, ಮೈ ನುಲಿಯುತ್ತಾ "ಜೂಲೀ..." ಎಂದು ಕೂಗುತ್ತಿದ್ದಳು. ಇಡೀ ಜಪಾನು ನಕ್ಕಿತು. ಇವತ್ತು ನೋಡಿದರೂ ನಗು ಬರುತ್ತದೆ. ಅದರ ಜೊತೆಗೆ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಮುದುಕಿಗೂ ಆಸೆ, ಹಟ, ಸಿಟ್ಟು ಎಲ್ಲ ಇರುತ್ತದೆ ಅಂತ ಕಿಕಿ ಆಗಲೇ ನಂಬಿದ್ದರು. ಮುದಿತನ ಅಂದರೆ ಬರೀ ಕರುಣೆ ಉಕ್ಕಿಸುವ ಸ್ಥಿತಿ ಎಂದು ಅವರು ಯಾವತ್ತೂ ಆಡಿ ತೋರಿಸಲಿಲ್ಲ. 34 ವರ್ಷ ಬಿಟ್ಟು ಅವರು ಮಾಡಿದ ದೊಡ್ಡ ಪಾತ್ರಗಳ ಬೀಜ ಈ ತಮಾಷೆಯ ಅಜ್ಜಿಯಲ್ಲೇ ಇದೆ. ಕಿಕಿ ಮೊದಲು ಹಾಸ್ಯನಟಿ, ಆಮೇಲೆ "ಗಂಭೀರ" ನಟಿಯಾದರು ಎಂದು ಬರೆಯುವವರನ್ನು ನಾನು ಒಪ್ಪುವುದಿಲ್ಲ.

ಹೆಸರು ಮಾರಿದ್ದು, ಜಾಹೀರಾತಿನ ಮಾತು ತಿದ್ದಿದ್ದು

1977ರಲ್ಲಿ ಒಂದು ಟಿವಿ ವಾಹಿನಿ ಹೊಸ ಹೆಸರಿನಲ್ಲಿ ಟಿವಿ ಅಸಾಹಿ ಆಯಿತು. ಆ ಸಂದರ್ಭದ ಕಾರ್ಯಕ್ರಮದಲ್ಲಿ ಕಲಾವಿದರು ತಮ್ಮ ವಸ್ತುಗಳನ್ನು ಹರಾಜಿಗಿಟ್ಟರು. ಮಾರುವಂಥದ್ದು ನನ್ನ ಹತ್ತಿರ ಏನೂ ಇಲ್ಲ ಅಂತ ಕಿಕಿ ತಮ್ಮ ಹೆಸರನ್ನೇ ಇಟ್ಟುಬಿಟ್ಟರು. 'ಚಿಹೋ ಯುಕಿ' ಎಂಬ ಹೆಸರು ಸುಮಾರು 20 ಸಾವಿರ ಯೆನ್‌ಗೆ ಹೋಯಿತು. ಒಂದು ದಶಕಕ್ಕೂ ಹೆಚ್ಚು ಕಾಲ ಕಟ್ಟಿದ ಹೆಸರು! ಬದಲಿಗೆ ಕಿರಿನ್ ಕಿಕಿ ಎಂಬ ಹೆಸರು ಕಟ್ಟಿಕೊಂಡರು. ಯಾವ ನಟಿಯೂ ಮಾಡಲು ಹೆದರುವ ಕೆಲಸ ಇದು. ಅವರ ಬಲ ಹೆಸರಿನಲ್ಲಿ ಇರಲಿಲ್ಲ, ಹಾಗಾಗಿ ಕಳೆದುಕೊಂಡದ್ದು ಏನೂ ಇಲ್ಲ. ಮಾರನೇ ದಿನವೂ ಜನ ಅವರನ್ನು ಗುರುತು ಹಿಡಿದರು.

ಅದೇ ಸುಮಾರಿಗೆ ಫ್ಯೂಜಿ ಫಿಲ್ಮ್ ಜಾಹೀರಾತುಗಳು ಶುರುವಾದವು. 1980ರ ಒಂದು ಜಾಹೀರಾತು ಇಂದಿಗೂ ಜಪಾನಿನಲ್ಲಿ ಪ್ರಸಿದ್ಧ. ಫೋಟೋ ಅಂಗಡಿ. ಗಲ್ಲೆಯಲ್ಲಿ ನಟಿ ಕಯೋಕೋ ಕಿಶಿಮೋತೋ. ಗಿರಾಕಿಯಾಗಿ ಕಿಕಿ. ಚೆಂದ ಇರುವವರು ಫೋಟೋದಲ್ಲಿ ಇನ್ನೂ ಚೆಂದ ಕಾಣುತ್ತಾರೆ, ಅಷ್ಟು ಚೆಂದ ಇಲ್ಲದವರೂ ಚೆಂದ ಕಾಣುತ್ತಾರೆ ಎಂಬುದು ಮೊದಲು ಬರೆದ ಮಾತು. ಕಿಕಿ ಒಪ್ಪಲಿಲ್ಲ. ಅದು ಸುಳ್ಳಲ್ವಾ? ಕೊನೆಗೆ ಮಾತು ಬದಲಾಯಿತು. ಅಷ್ಟು ಚೆಂದ ಇಲ್ಲದವರ ಗತಿ ಏನು ಅಂತ ಗಿರಾಕಿ ಕೇಳುತ್ತಾಳೆ. ಅಂಗಡಿಯಾಕೆ, ಅವರು ಹೇಗಿದ್ದಾರೋ ಹಾಗೇ ಬರುತ್ತಾರೆ ಅನ್ನುತ್ತಾಳೆ. ಆ ಮಾತು ಊರೆಲ್ಲ ಓಡಾಡಿತು. ಫ್ಯೂಜಿ ಜೊತೆಗಿನ ಅವರ ನಂಟು ದಶಕಗಳ ಕಾಲ ಉಳಿಯಿತು. ಜಾಹೀರಾತಿನಲ್ಲೂ ಸುಳ್ಳು ಬೇಡ ಎಂದ ನಟಿಯನ್ನೇ ಕಂಪನಿ ಅಷ್ಟು ವರ್ಷ ಇಟ್ಟುಕೊಂಡಿತು ಅನ್ನುವುದು ನನಗೆ ಈ ಪ್ರಕರಣದ ಮುಖ್ಯ ಸಾಕ್ಷಿಗಳಲ್ಲಿ ಒಂದು.

ಮ್ಯಾನೇಜರ್ ಇಲ್ಲ

ಜಪಾನಿನ ಮನರಂಜನಾ ಲೋಕ ನಡೆಯುವುದು ಏಜೆನ್ಸಿಗಳ ಮೇಲೆ. ಕಲಾವಿದರ ಸಂಭಾವನೆ, ದಿನಾಂಕ, ಪತ್ರಿಕೆಯವರ ಜೊತೆ ಮಾತು, ಎಲ್ಲವನ್ನೂ ಏಜೆನ್ಸಿಯೇ ನೋಡಿಕೊಳ್ಳುತ್ತದೆ. ಯಾವ ಪಾತ್ರ ಮಾಡಬೇಕು ಅನ್ನುವುದನ್ನೂ ಎಷ್ಟೋ ಸಲ ಅದೇ ತೀರ್ಮಾನಿಸುತ್ತದೆ. ಕಿಕಿ ಈ ವ್ಯವಸ್ಥೆಯಿಂದ ಹೊರಗೆ ಬಂದರು. ಮ್ಯಾನೇಜರ್ ಇಲ್ಲ, ಸಹಾಯಕರಿಲ್ಲ. ಕೆಲಸ ಬೇಕಾದವರು ಅವರ ಮನೆಯ ಫ್ಯಾಕ್ಸ್‌ಗೆ ಕಳಿಸಬೇಕು, ಇಲ್ಲವೇ ಆನ್ಸರಿಂಗ್ ಮಷಿನ್‌ನಲ್ಲಿ ಹೇಳಿ ಇಡಬೇಕು. ಸಂಭಾವನೆಯ ಮಾತು ಅವರೇ ಆಡುತ್ತಿದ್ದರು. ಸೆಟ್ಟಿಗೆ ಒಬ್ಬರೇ ಬರುತ್ತಿದ್ದರು.

ಇದಕ್ಕೆ ಬೆನ್ನೆಲುಬು ದುಡ್ಡು. ಅದನ್ನು ಮರೆಮಾಚಬಾರದು. ಕಿಕಿಗೆ ಮನೆ, ಜಾಗ ನೋಡುವುದೆಂದರೆ ಪ್ರಾಣ. ಚಿಕ್ಕ ವಯಸ್ಸಿನಿಂದಲೇ ಆಸ್ತಿಯಲ್ಲಿ ದುಡ್ಡು ಹಾಕಿದ್ದರು. ಮುಂದಿನ ತಿಂಗಳ ಖರ್ಚಿಗೆ ಈ ಪಾತ್ರ ಒಪ್ಪಲೇಬೇಕು ಅನ್ನುವ ಒತ್ತಡ ಅವರಿಗೆ ಇರಲಿಲ್ಲ. ಬೇಡ ಅನ್ನುವ ತಾಕತ್ತು ಬಂದದ್ದು ಅಲ್ಲಿಂದ. ಜಾಹೀರಾತಿನ ಮಾತು ತಿದ್ದಲು ಧೈರ್ಯ ಬೇಕು ನಿಜ, ಆದರೆ ಆ ಜಾಹೀರಾತು ಕೈತಪ್ಪಿದರೂ ಮನೆ ನಡೆಯುತ್ತದೆ ಅನ್ನುವ ನಂಬಿಕೆಯೂ ಬೇಕು.

ಮನೆಯ ಕಥೆ ಬೇರೆಯದೇ. 1973ರಲ್ಲಿ ರಾಕ್ ಗಾಯಕ ಯೂಯಾ ಉಚಿದಾ ಅವರನ್ನು ಮದುವೆಯಾದರು. ಒಟ್ಟಿಗಿದ್ದದ್ದು ಬಹಳ ಕಡಿಮೆ ಕಾಲ. 1981ರಲ್ಲಿ ಉಚಿದಾ ಒಬ್ಬರೇ ವಿಚ್ಛೇದನದ ಕಾಗದ ಸಲ್ಲಿಸಿದರು. ಕಿಕಿ ಕೋರ್ಟಿಗೆ ಹೋಗಿ ಅದನ್ನು ರದ್ದು ಮಾಡಿಸಿದರು. ಬೇರೆ ಬೇರೆ ಮನೆಯಲ್ಲೇ ಇದ್ದು, ಕೊನೆಯವರೆಗೂ ಗಂಡಹೆಂಡತಿಯಾಗಿ ಉಳಿದರು. ಪತ್ರಿಕೆಗಳಿಗೆ ಇದೇ ಜಾಸ್ತಿ ರುಚಿಸಿತು. ವೃತ್ತಿಯ ಲೆಕ್ಕದಲ್ಲಿ ಇದರ ತೂಕ ಕಡಿಮೆ.

ಕಾಯಿಲೆಯ ನಂತರದ ತಿರುವು

2003ರಲ್ಲಿ ಎಡಗಣ್ಣಿನ ಅಕ್ಷಿಪಟಲ ಕಳಚಿ ದೃಷ್ಟಿ ಹೋಯಿತು. 2005ರಲ್ಲಿ ಸ್ತನ ಕ್ಯಾನ್ಸರ್, ಶಸ್ತ್ರಚಿಕಿತ್ಸೆ. ಅಲ್ಲಿಯವರೆಗೆ ಕಿಕಿ ಅಂದರೆ ಜನರಿಗೆ ಟಿವಿ ಮತ್ತು ಜಾಹೀರಾತಿನ ಮುಖ. ಇದಾದ ಮೇಲೆ ಅವರು ಸಿನಿಮಾದ ಕಡೆ ವಾಲಿದರು. 2007ರ 'ಟೋಕಿಯೋ ಟವರ್'ನಲ್ಲಿ ಕ್ಯಾನ್ಸರ್‌ನಿಂದ ಸಾಯುವ ತಾಯಿಯ ಪಾತ್ರ. ಆ ತಾಯಿಯ ಯೌವನದ ಭಾಗವನ್ನು ಮಾಡಿದ್ದು ಅವರ ಸ್ವಂತ ಮಗಳು ಯಾಯಾಕೋ. ಇದಕ್ಕೆ ಜಪಾನ್ ಅಕಾಡೆಮಿಯ ಶ್ರೇಷ್ಠ ನಟಿ ಪ್ರಶಸ್ತಿ ಬಂತು.

ಆಮೇಲೆ 2008ರಲ್ಲಿ 'ಸ್ಟಿಲ್ ವಾಕಿಂಗ್'. ನಿರ್ದೇಶಕ ಹಿರೋಕಝು ಕೊರೆಎದಾ ತಮ್ಮ ತಾಯಿ ತೀರಿಕೊಂಡ ಮೇಲೆ ಬರೆದ ಕಥೆ. ಈ ಪ್ರಕರಣದಲ್ಲಿ ಒಂದೇ ಒಂದು ಸಿನಿಮಾವನ್ನು ಹತ್ತಿರದಿಂದ ನೋಡಬೇಕು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಹಿರಿಮಗ ಜುನ್‌ಪೇ ಎಷ್ಟೋ ವರ್ಷದ ಹಿಂದೆ ಮುಳುಗುತ್ತಿದ್ದ ಒಬ್ಬ ಹುಡುಗನನ್ನು ಉಳಿಸಲು ಹೋಗಿ ತಾನೇ ಸತ್ತಿದ್ದಾನೆ. ಅವನ ತಿಥಿಗೆ ಮನೆಯವರೆಲ್ಲ ಸೇರುತ್ತಾರೆ. ಸಿನಿಮಾ ಶುರುವಾಗುವುದೇ ಅಡುಗೆಮನೆಯಲ್ಲಿ, ಅಮ್ಮ ಮಗಳು ತರಕಾರಿ ಹೆರೆಯುವುದರಿಂದ. ಕಿಕಿ ಮಾಡಿದ ಅಮ್ಮನ ಪಾತ್ರ ತೋಶಿಕೋ ಮೂಲಂಗಿಯ ಬಗ್ಗೆ ಹೇಳುತ್ತಾಳೆ, ಜೋಳದ ಕಾಳು ಬಿಡಿಸಿ ಎಣ್ಣೆಯಲ್ಲಿ ಕರಿಯುತ್ತಾಳೆ. ಮಾತಿನ ಮಧ್ಯೆ ಸೊಸೆಗೆ ಚುಚ್ಚುತ್ತಾಳೆ. ಇಂಥ ಅತ್ತೆಯನ್ನು ನಾವೆಲ್ಲ ನೋಡಿದ್ದೇವೆ. ಆ ದಿನ ಯೋಶಿಯೋ ಕೂಡ ಬರುತ್ತಾನೆ. ಅಂದು ಬದುಕುಳಿದ ಹುಡುಗ ಇವನೇ. ಈಗ ದಪ್ಪಗಾಗಿದ್ದಾನೆ, ಬೆವರುತ್ತಾನೆ, ಸರಿಯಾದ ಕೆಲಸವಿಲ್ಲ. ಮುಜುಗರದಲ್ಲೇ ಕೂತು ಹೋಗುತ್ತಾನೆ.

ರಾತ್ರಿ ಎರಡನೇ ಮಗ ಕೇಳುತ್ತಾನೆ: ಅವನನ್ನು ಇನ್ನು ಕರೆಯುವುದು ಬೇಡ, ಪಾಪ, ಅವನಿಗೆ ಹಿಂಸೆಯಾಗುತ್ತದೆ. ತೋಶಿಕೋ ಕ್ರೋಶ, ಅಂದರೆ ಕೊಕ್ಕೆ ಸೂಜಿಯ ಹೆಣಿಗೆ, ಹಾಕುತ್ತಾ ಕೂತಿದ್ದಾಳೆ. ತಲೆ ಎತ್ತುವುದಿಲ್ಲ. ಅದಕ್ಕೇ ಕರೆಯುವುದು ಅನ್ನುತ್ತಾಳೆ. ಹತ್ತು ಹನ್ನೆರಡು ವರ್ಷಕ್ಕೆಲ್ಲ ಅವನು ಮರೆತುಬಿಟ್ಟರೆ ಹೇಗೆ? ದ್ವೇಷ ಮಾಡಲು ಒಬ್ಬರೂ ಇಲ್ಲದಿದ್ದರೆ ನನಗೆ ಇನ್ನೂ ಕಷ್ಟ. ವರ್ಷಕ್ಕೊಂದು ದಿನ ಅವನೂ ನೋಯಲಿ. ಇಷ್ಟೆಲ್ಲ ಹೇಳುವಾಗ ದನಿ ಏರುವುದಿಲ್ಲ, ಕಣ್ಣೀರಿಲ್ಲ. ಕೈ ಮಾತ್ರ ದಾರವನ್ನು ಎಳೆದು ಸುತ್ತಿ ಎಳೆದು ಸುತ್ತಿ ಓಡುತ್ತಿರುತ್ತದೆ. ಮಧ್ಯಾಹ್ನವಿಡೀ ನಗುತ್ತಾ ಬಡಿಸಿದ ಅದೇ ಕೈ. ನೋಡುವವರ ಬೆನ್ನಲ್ಲಿ ಚಳಿ ಹುಟ್ಟುತ್ತದೆ. ಅತ್ತುಕೊಂಡು ಹೇಳಿದ್ದರೆ ನಾವು ಅವಳನ್ನು ಕ್ಷಮಿಸಿ ಸುಮ್ಮನಾಗುತ್ತಿದ್ದೆವು. ಕಿಕಿ ಆ ದಾರಿಯನ್ನೇ ಮುಚ್ಚಿಬಿಟ್ಟರು.

ಕೊರೆಎದಾ ಅವರ ಜೊತೆ ಒಟ್ಟು 6 ಸಿನಿಮಾ ಮಾಡಿದರು. ಆರೂ ಕಾಯಿಲೆಯ ನಂತರದವು. 2013ರ ಮಾರ್ಚ್‌ನಲ್ಲಿ, ಮರೆವಿನ ಕಾಯಿಲೆಯ ತಾಯಿಯ ಪಾತ್ರಕ್ಕಾಗಿ ಜಪಾನ್ ಅಕಾಡೆಮಿ ಪ್ರಶಸ್ತಿ ತೆಗೆದುಕೊಳ್ಳುತ್ತಾ, ನನ್ನ ಮೈಯೆಲ್ಲ ಕ್ಯಾನ್ಸರ್ ಇದೆ ಎಂದು ವೇದಿಕೆಯಲ್ಲೇ ಹೇಳಿಬಿಟ್ಟರು. ಸಭೆ ದಂಗಾಯಿತು. ಆಮೇಲೂ 5 ವರ್ಷ ದುಡಿದರು.

2015ರಲ್ಲಿ ನವೋಮಿ ಕವಾಸೆ ಅವರ 'ಆನ್' ಬಂತು. ಆನ್ ಅಂದರೆ ಅಜುಕಿ ಎಂಬ ಕೆಂಪು ಕಾಳನ್ನು ಬೇಯಿಸಿ ಸಕ್ಕರೆ ಹಾಕಿ ಮಾಡುವ ಹೂರಣ. ತೋಕುಎ ಎಂಬ ಮುದುಕಿ ಒಂದು ಪುಟ್ಟ ತಿಂಡಿ ಅಂಗಡಿಗೆ ಬಂದು ಕೆಲಸ ಕೇಳುತ್ತಾಳೆ. ಅವಳ ಬೆರಳುಗಳು ಸೊಟ್ಟಗಾಗಿವೆ. ಬೆಳಗಾಗುವ ಮುಂಚೆ ಎದ್ದು ಕಾಳಿನ ಆವಿಗೆ ಮುಖ ಒಡ್ಡಿ, ಕಾಳು ಏನು ಹೇಳುತ್ತದೆ ಅಂತ ಕೇಳುತ್ತಾಳೆ. ಹೂರಣಕ್ಕೆ ಜನ ಸಾಲು ನಿಲ್ಲುತ್ತಾರೆ. ಅವಳಿಗೆ ಹಿಂದೆ ಕುಷ್ಠರೋಗ ಇತ್ತು ಎಂಬ ಸುದ್ದಿ ಹರಡುತ್ತದೆ, ಸಾಲು ಕರಗುತ್ತದೆ. ಜಪಾನಿನಲ್ಲಿ ಕುಷ್ಠರೋಗಿಗಳನ್ನು ಊರಿಂದ ದೂರ ಕೂಡಿಹಾಕುವ ಕಾನೂನು ರದ್ದಾದದ್ದು 1996ರಲ್ಲಿ. ರೋಗ ವಾಸಿಯಾಗಿ ದಶಕಗಳಾದವರೂ ಅಲ್ಲಿಯವರೆಗೆ ಈ ಕಾನೂನಿನ ಕೆಳಗೇ ಇದ್ದರು. 1974ರಲ್ಲಿ ಕ್ಯಾಮೆರಾದಿಂದ ಬಚ್ಚಿಡಬೇಕಾಗಿದ್ದ ಕೈಯೇ ಇಲ್ಲಿ ಇಡೀ ಕಥೆಯನ್ನು ಹೊತ್ತಿದೆ. ಸೊಟ್ಟ ಬೆರಳಿಗೆ ಮೇಕಪ್ ಇದೆ ನಿಜ. ಆ ಬೆರಳಿನಿಂದ ಪಾತ್ರೆಯ ತಳದವರೆಗೂ ಮೆಲ್ಲಗೆ ಕೈಯಾಡಿಸುವ ಮಮತೆಗೆ ಮೇಕಪ್ ಇಲ್ಲ.

2018ರ 'ಶಾಪ್‌ಲಿಫ್ಟರ್ಸ್' ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಪಾಮ್ ಡಿ'ಓರ್ ಗೆದ್ದಿತು. ಹತ್ಸುಎ ಎಂಬ ಮುದುಕಿಯ ಪಿಂಚಣಿ ಮತ್ತು ಚಿಲ್ಲರೆ ಕಳ್ಳತನದ ಮೇಲೆ ಬದುಕುವ ಒಂದು ಮನೆಯ ಕಥೆ. ಈ ಪಾತ್ರಕ್ಕೆ ಕಿಕಿ ತಾವೇ ಮುಂದಾಗಿ ಹಲ್ಲಿನ ಸೆಟ್ ತೆಗೆದಿಟ್ಟರು. ಹಲ್ಲಿಲ್ಲದ ಬಾಯಲ್ಲಿ ಕಿತ್ತಳೆ ಚೀಪುತ್ತಾರೆ. 75ರ ನಟಿ ತನ್ನ ನಿಜವಾದ ವಯಸ್ಸಿಗಿಂತ ಇನ್ನೂ ಹಳಬಳಾಗಿ ಕಾಣಲು ಆರಿಸಿಕೊಂಡ ದಾರಿ ಅದು. ಸಮುದ್ರದ ದಂಡೆಯ ದೃಶ್ಯದಲ್ಲಿ ಮನೆಯವರು ನೀರಲ್ಲಿ ಆಡುತ್ತಿರುವಾಗ ಅವರ ತುಟಿ ಸಣ್ಣಗೆ ಅಲ್ಲಾಡುತ್ತದೆ, ದನಿ ಇಲ್ಲ. ಥ್ಯಾಂಕ್ಸ್ ಹೇಳುತ್ತಿದ್ದಾರೆ ಎಂದು ಕೊರೆಎದಾಗೆ ಗೊತ್ತಾದದ್ದು ಎಡಿಟಿಂಗ್ ಮಾಡುವಾಗ. ಅದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ.

ತಾವು ಹೋಗುವ ಮುನ್ನ ಇನ್ನೊಂದು ಕೆಲಸ ಮಾಡಿದರು. ಗೆಳತಿ, ನಟಿ ಮಿಯೋಕೋ ಅಸಾದಾಗಾಗಿ ಒಂದು ಸಿನಿಮಾ ಯೋಜಿಸಿದರು, 'ಎರಿಕಾ 38'. ಅರವತ್ತು ದಾಟಿದ ವಂಚಕಿ ತನಗೆ 38 ಎಂದು ಹೇಳಿಕೊಂಡು ದುಡ್ಡು ಹೊಡೆಯುವ ಕಥೆ. ಅಸಾದಾಗೂ ಆಗ 60 ದಾಟಿತ್ತು. ನಾಯಕಿ ಅವರೇ, ಆ ನಾಯಕಿಯ ತಾಯಿಯ ಪಾತ್ರದಲ್ಲಿ ಕಿಕಿ. ಕಿಕಿ ಸತ್ತ ಮೇಲೆ, 2019ರಲ್ಲಿ ಅದು ತೆರೆಗೆ ಬಂತು. ಆ ವಯಸ್ಸಿನ ನಟಿಗೆ ಮುಖ್ಯ ಪಾತ್ರ ಯಾರೂ ಬರೆಯುವುದಿಲ್ಲ ಎಂದು ಗೊಣಗುತ್ತಾ ಕೂರದೆ, ಬರೆಸಿಯೇ ಬಿಟ್ಟರು.

ಬೆಲೆ ತೆತ್ತದ್ದು ಎಲ್ಲಿ

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು. ಕಿಕಿ ಅವರಿಗೆ ಪ್ರೇಮದ ನಾಯಕಿಯ ದೊಡ್ಡ ಪಾತ್ರ ಸಿಗಲೇ ಇಲ್ಲ. ಮೂವತ್ತರಿಂದ ಐವತ್ತರವರೆಗಿನ ಹೆಣ್ಣಿನ ಬದುಕನ್ನು ಅವರು ಸಿನಿಮಾದಲ್ಲಿ ಆಡಿ ತೋರಿಸಿದ್ದು ಬಹಳ ಕಡಿಮೆ. 1986ರ ಎನ್‌ಎಚ್‌ಕೆ ವಾಹಿನಿಯ ಬೆಳಗಿನ ಧಾರಾವಾಹಿ 'ಹನೆಕೊನ್ಮಾ'ದಂಥ ಒಳ್ಳೆಯ ಕೆಲಸ ಟಿವಿಯಲ್ಲಿ ಇದೆ. ಆದರೂ ಆ ಎರಡು ದಶಕ ಅವರನ್ನು ಜಾಹೀರಾತಿನ ನಗುವಿಗೆ ಸೀಮಿತ ಮಾಡಿದ್ದು ಜಪಾನಿ ಚಿತ್ರರಂಗಕ್ಕೇ ನಷ್ಟ. ಸ್ಟಿಲ್ ವಾಕಿಂಗ್‌ನ ಆ ಕ್ರೋಶದ ದೃಶ್ಯ ನೋಡಿದಾಗಲೆಲ್ಲ, ಇದೇ ನಟಿ 45ರಲ್ಲಿ ಏನೇನು ಮಾಡಬಹುದಿತ್ತು ಅಂತ ಹೊಟ್ಟೆ ಉರಿಯುತ್ತದೆ.

ಈ ದಾರಿಯನ್ನು ಹಾಗೇ ಎತ್ತಿ ಇನ್ನೊಬ್ಬರಿಗೆ ಕೊಡಲೂ ಆಗುವುದಿಲ್ಲ. ಆಸ್ತಿಯ ಆದಾಯ ಇಲ್ಲದ ಕಿರಿಯ ನಟಿ ಏಜೆನ್ಸಿ ಬಿಟ್ಟು ಬಂದರೆ ಮಾರನೇ ದಿನ ಫೋನ್ ಬರುವ ಖಾತ್ರಿ ಇಲ್ಲ. ಕಿಕಿ ಹೊರಗೆ ಬಂದಾಗ ದೇಶವೆಲ್ಲ ಅವರನ್ನು ಗುರುತಿಸುತ್ತಿತ್ತು. ಕ್ಯಾನ್ಸರ್ ಬಗ್ಗೆ ಅವರು ತೋರಿಸಿದ ನಿರಾಳ ಮನಸ್ಸನ್ನು ಹೊಗಳುವವರು ಬಹಳ. ಅದು ಅವರ ಮನೋಧರ್ಮ. ಅದನ್ನೇ ಮಾದರಿ ಮಾಡಿ, ಚಿಕಿತ್ಸೆಯಲ್ಲಿ ನರಳುತ್ತಿರುವವರ ಮುಂದೆ ಹಿಡಿಯುವುದು ತಪ್ಪು.

ಬೇರೆಯವರು ತೆಗೆದುಕೊಳ್ಳಬಹುದಾದದ್ದು ಅವರ ಕಸುಬಿನಲ್ಲಿದೆ. ಪಾತ್ರದ ಕೈ ಏನು ಮಾಡುತ್ತಿದೆ ಎಂದು ಮೊದಲು ಕೇಳಿಕೊಳ್ಳುವುದು, ಸುಳ್ಳು ಅನ್ನಿಸಿದ ಮಾತನ್ನು ಸೆಟ್ಟಿನಲ್ಲೇ ತಡೆಯುವುದು, ಮುದುಕಿಯ ಪಾತ್ರಕ್ಕೂ ಆಸೆ ಮತ್ತು ಕೇಡು ಎರಡನ್ನೂ ಕೊಡುವುದು. ಇದಕ್ಕೆ ಆಸ್ತಿ ಬೇಕಿಲ್ಲ. ಚಿತ್ರಕಥೆ ಬರೆಯುವವರೂ ಇದನ್ನು ಗಮನಿಸಬೇಕು. ಮುಕೋದಾ 1974ರಲ್ಲಿ ಒಬ್ಬ ಅಜ್ಜಿಗೆ ಪೋಸ್ಟರ್ ಮುಂದೆ ನುಲಿಯುವ ಆಸೆ ಬರೆದಿದ್ದರಿಂದ, ಕೊರೆಎದಾ 2008ರಲ್ಲಿ ಒಬ್ಬ ತಾಯಿಗೆ ದ್ವೇಷ ಬರೆದಿದ್ದರಿಂದ ಕಿಕಿಗೆ ಆಡಲು ಏನಾದರೂ ಸಿಕ್ಕಿತು. ಆಶೀರ್ವಾದ ಮಾಡಿ ಒಳಗೆ ಹೋಗುವ ಅಜ್ಜಿಯನ್ನಷ್ಟೇ ಬರೆದಿದ್ದರೆ, ಕಿಕಿ ಕೂಡ ಒಳಗೆ ಹೋಗುತ್ತಿದ್ದರು.